ಎಷ್ಟು ಬಾರಿ ಬೆಂದ ಟೊಮೆಟೊ

ಪಾಸ್ತಾಕ್ಕೆ ಬೆರೆಸುವ ಟೊಮೆಟೊ ಸಾಸನ್ನು ಅಂಗಡಿಯಿಂದ ತರಬೇಕೇ, ಮನೆಯಲ್ಲೇ ಮಾಡಿಕೊಳ್ಳಬೇಕೇ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರಗಳು ಹಣ, ಸಮಯ ಮತ್ತು ಆರೋಗ್ಯದ ಸುತ್ತಲೇ ಇರುತ್ತವೆ. ಮನೆಯದೆಲ್ಲ ತಾಜಾ, ಕಾರ್ಖಾನೆಯದೆಲ್ಲ ಕೃತಕ ಎಂಬ ನಂಬಿಕೆಯೂ ಅವುಗಳ ಜೊತೆ ಸೇರಿಕೊಂಡಿರುತ್ತದೆ. ರಸಾಯನವಿಜ್ಞಾನದ ಕಣ್ಣಿನಿಂದ ನೋಡಿದರೆ ಈ ವಿಂಗಡಣೆ ಉಳಿಯುವುದಿಲ್ಲ. ಸಾಸಿನ ರುಚಿ, ಪರಿಮಳ, ಬಣ್ಣ, ಮಂದತನ, ಪೋಷಕಾಂಶ ಇವೆಲ್ಲವನ್ನೂ ಬಹುಮಟ್ಟಿಗೆ ನಿರ್ಧರಿಸುವ ಸಂಗತಿಗಳು ಎರಡು: ಹಣ್ಣು ಯಾವ ಹದದಲ್ಲಿ ಗಿಡದಿಂದ ಇಳಿಯಿತು ಎಂಬುದು ಒಂದು, ಆಮೇಲೆ ಅದು ಎಷ್ಟು ಬಾರಿ, ಎಷ್ಟು ಹೊತ್ತು, ಎಂಥ ಪಾತ್ರೆಯಲ್ಲಿ ಬೆಂದಿತು ಎಂಬುದು ಇನ್ನೊಂದು. ಈ ಎರಡರ ಲೆಕ್ಕವನ್ನು ಸರಿಯಾಗಿ ಇಟ್ಟರೆ, ಕೆಲವು ಕಾರ್ಖಾನೆಯ ಸಾಸುಗಳು ಅಡುಗೆಮನೆಯ ಸಾಲಿಗೆ ಸೇರುತ್ತವೆ, ಮನೆಯಲ್ಲಿ ಮಾಡಿದ ಕೆಲವು ಸಾಸುಗಳು ಆ ಸಾಲಿನಿಂದ ಹೊರಗೆ ಉಳಿಯುತ್ತವೆ.

ಮಾಗಿದ ಟೊಮೆಟೊ ಹಣ್ಣಿನ ತೂಕದಲ್ಲಿ ಶೇ 94ರಿಂದ 95ರಷ್ಟು ನೀರೇ ಇರುತ್ತದೆ. ಉಳಿದ ಐದಾರು ಭಾಗದಲ್ಲಿ ಸರಿಸುಮಾರು ಅರ್ಧದಷ್ಟು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಸರಳ ಸಕ್ಕರೆಗಳು. ಮಿಕ್ಕದ್ದು ಸಿಟ್ರಿಕ್ ಮತ್ತು ಮ್ಯಾಲಿಕ್ ಆಮ್ಲಗಳು, ನಾರು, ಖನಿಜಗಳು ಮತ್ತು ಅಮೈನೊ ಆಮ್ಲಗಳು. ಈ ಅಮೈನೊ ಆಮ್ಲಗಳಲ್ಲಿ ಗ್ಲುಟಮಿಕ್ ಆಮ್ಲಕ್ಕೆ ವಿಶೇಷ ಸ್ಥಾನವಿದೆ, ಏಕೆಂದರೆ ಮಾಂಸದ ಸಾರು, ಹಳೆಯ ಚೀಸ್, ಅಣಬೆ ಇವುಗಳಲ್ಲಿ ನಾಲಗೆ ಗುರುತಿಸುವ, ಸಿಹಿ, ಹುಳಿ, ಉಪ್ಪು, ಕಹಿಗಳಿಂದ ಬೇರೆಯಾದ ‘ಉಮಾಮಿ’ ಎಂಬ ತುಂಬು ರುಚಿಗೆ ಅದೇ ಮುಖ್ಯ ಕಾರಣ. ಬೀಜಗಳ ಸುತ್ತ ಇರುವ ಲೋಳೆಯಲ್ಲಿ ಈ ಆಮ್ಲವು ಹೊರಗಿನ ತಿರುಳಿನಲ್ಲಿ ಇರುವುದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಇರುತ್ತದೆ ಎಂಬುದನ್ನು ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಬಾಣಸಿಗ ಹೆಸ್ಟನ್ ಬ್ಲೂಮೆಂಥಾಲ್ ಅವರ ಜೊತೆಗೂಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಸಾಸು ನಯವಾಗಿ ಬರಲೆಂದು ಬೀಜದ ಜೊತೆ ಲೋಳೆಯನ್ನೂ ತೆಗೆದೆಸೆಯುವ ಪದ್ಧತಿ ಅನೇಕ ಅಡುಗೆ ಪುಸ್ತಕಗಳಲ್ಲಿದೆ. ಹಾಗೆ ಮಾಡುವವರು ಹಣ್ಣಿನ ರುಚಿಯ ಒಳ್ಳೆಯ ಪಾಲನ್ನೇ ಚೆಲ್ಲುತ್ತಾರೆ. ಬೀಜ ಬೇಡವಾದರೆ ಲೋಳೆಯನ್ನು ಜರಡಿಯಲ್ಲಿ ಸೋಸಿ, ರಸವನ್ನು ಬಾಣಲೆಗೆ ಮರಳಿಸುವುದೇ ಸರಿಯಾದ ದಾರಿ.

ರುಚಿ ನಾಲಗೆಯ ವಿಷಯವಾದರೆ, ಟೊಮೆಟೊವನ್ನು ಟೊಮೆಟೊ ಎಂದು ಗುರುತಿಸುವುದು ಮೂಗು. ಈ ಹಣ್ಣಿನಲ್ಲಿ 400ಕ್ಕೂ ಹೆಚ್ಚು ಆವಿಶೀಲ ಸಂಯುಕ್ತಗಳನ್ನು, ಅಂದರೆ ಸುಲಭವಾಗಿ ಆವಿಯಾಗಿ ಮೂಗನ್ನು ಮುಟ್ಟಬಲ್ಲ ರಾಸಾಯನಿಕಗಳನ್ನು, ಗುರುತಿಸಲಾಗಿದೆ. ಅವುಗಳಲ್ಲಿ ಪರಿಮಳಕ್ಕೆ ನಿಜವಾಗಿ ಕಾರಣವಾಗುವವು ಕೆಲವೇ ಕೆಲವು. ಅವುಗಳಲ್ಲೂ ಬಹು ಮುಖ್ಯವಾದ ಹೆಕ್ಸೆನ್ಯಾಲ್ ಎಂಬುದು ಇಡೀ ಹಣ್ಣಿನಲ್ಲಿ ಇರುವುದೇ ಅತ್ಯಲ್ಪ: ಚಾಕು ತಾಗಿ ಜೀವಕೋಶಗಳು ಒಡೆದಾಗ, ಕೋಶದ ಪೊರೆಯಲ್ಲಿನ ಕೊಬ್ಬಿನಾಮ್ಲಗಳು ಲಿಪಾಕ್ಸಿಜನೇಸ್ ಎಂಬ ಕಿಣ್ವಕ್ಕೂ ಗಾಳಿಯ ಆಮ್ಲಜನಕಕ್ಕೂ ಸಿಕ್ಕು ಕ್ಷಣಮಾತ್ರದಲ್ಲಿ ಅದು ಹುಟ್ಟಿಕೊಳ್ಳುತ್ತದೆ. ಕಿಣ್ವವೆಂದರೆ ಜೀವಕೋಶದೊಳಗಿನ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನು. ಹೆಚ್ಚಿದ ಟೊಮೆಟೊದಿಂದ ಬರುವ, ಕತ್ತರಿಸಿದ ಹುಲ್ಲನ್ನು ಹೋಲುವ ಹಸಿರು ವಾಸನೆ ಹೀಗೆ ಬಂದದ್ದು. ಶಾಖ ತಗಲಿದೊಡನೆ ಕಿಣ್ವ ಕೆಡುತ್ತದೆ, ಆಗಲೇ ಹುಟ್ಟಿದ ಹೆಕ್ಸೆನ್ಯಾಲ್ ಆವಿಯಾಗಿ ಹೋಗುತ್ತದೆ. ಸಾರಿಗೋ ಗೊಜ್ಜಿಗೋ ಟೊಮೆಟೊ ಹಾಕಿದಾಗ ‘ಹಸಿ ವಾಸನೆ ಹೋಗುವವರೆಗೆ’ ಬಾಡಿಸಬೇಕು ಎಂದು ಕನ್ನಡದ ಅಡುಗೆಮನೆಗಳಲ್ಲಿ ಹೇಳುವ ಮಾತು ಈ ನಿರ್ಗಮನವನ್ನೇ ಕುರಿತದ್ದು.

ಹಸಿ ವಾಸನೆ ತೆರವಾದ ಜಾಗಕ್ಕೆ ಬೇರೊಂದು ಪರಿಮಳ ಬರುತ್ತದೆ. ಹಣ್ಣಿನಲ್ಲಿರುವ ಎಸ್-ಮಿಥೈಲ್ ಮಿಥಿಯೊನೀನ್ ಎಂಬ ಗಂಧಕಯುಕ್ತ ಸಂಯುಕ್ತವು ಶಾಖಕ್ಕೆ ಒಡೆದು ಡೈಮಿಥೈಲ್ ಸಲ್ಫೈಡ್ ಆಗುತ್ತದೆ. ಬೆಂದ ಟೊಮೆಟೊದ ಗುರುತಿನ ವಾಸನೆ ಇದೇ, ಬೆಂದ ಜೋಳದ ತೆನೆಯಲ್ಲೂ ಇದೇ ಇದೆ. ಅದರ ಕುದಿಬಿಂದು ಸುಮಾರು 37 ಡಿಗ್ರಿ ಸೆಲ್ಸಿಯಸ್ ಮಾತ್ರ. ಆದ್ದರಿಂದ ತೆರೆದ ಬಾಣಲೆಯಲ್ಲಿ ಗಂಟೆಗಟ್ಟಲೆ ಕುದಿಸಿದರೆ ಅದೂ ಹೊರಟುಹೋಗುತ್ತದೆ. ಮುಚ್ಚಿ ಮೊಹರು ಹಾಕಿದ ಜಾಡಿಯೊಳಗೆ ಬಿಸಿಯಿದ್ದಾಗ ಹುಟ್ಟಿದರೆ ಹೋಗಲು ದಾರಿಯಿಲ್ಲದೆ ಅಲ್ಲೇ ಉಳಿಯುತ್ತದೆ. ಇನ್ನೂ ಮುಂದಕ್ಕೆ ಬೇಯಿಸುತ್ತ ಹೋದರೆ ಸಕ್ಕರೆಗಳೂ ಅಮೈನೊ ಆಮ್ಲಗಳೂ ಕೂಡಿ ಕಂದುಬಣ್ಣದ, ಹುರಿದ ಪರಿಮಳದ ವಸ್ತುಗಳು ಹುಟ್ಟುತ್ತವೆ. ಫ್ರೆಂಚ್ ರಸಾಯನವಿಜ್ಞಾನಿ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ವಿವರಿಸಿದ ಈ ಕ್ರಿಯೆ ರೊಟ್ಟಿಯ ಹೊರಪದರದಲ್ಲೂ ಹುರಿದ ಕಾಫಿಬೀಜದಲ್ಲೂ ನಡೆಯುವಂಥದ್ದೇ. ಇಪ್ಪತ್ತು ನಿಮಿಷ ಬೆಂದ ಸಾಸು, ಎರಡು ಗಂಟೆ ಬೆಂದ ಸಾಸು ಇವು ಒಂದೇ ಪದಾರ್ಥದ ಎಳೆಯ ಮತ್ತು ಬಲಿತ ರೂಪಗಳಲ್ಲ, ಪರಿಮಳದ ಮಟ್ಟಿಗೆ ಎರಡು ಬೇರೆ ಪದಾರ್ಥಗಳು. ಎರಡಕ್ಕೂ ಇಟಲಿಯ ಅಡುಗೆಯಲ್ಲಿ ಅವುಗಳದೇ ಸ್ಥಾನವಿದೆ.

ಇಟಲಿಗೆ ಟೊಮೆಟೊ ಹೊರಗಿನಿಂದ ಬಂದ ಹಣ್ಣು. ದಕ್ಷಿಣ ಅಮೆರಿಕದಲ್ಲಿ ಹುಟ್ಟಿ, ಮೆಕ್ಸಿಕೊದಲ್ಲಿ ಬೆಳೆಯಾಗಿ ಪಳಗಿ, 16ನೇ ಶತಮಾನದಲ್ಲಿ ಸ್ಪೇನಿನ ಮೂಲಕ ಯುರೋಪಿಗೆ ಬಂದ ಈ ಹಣ್ಣಿನಿಂದ ಮಾಡಿದ ಸಾಸು ಇಟಲಿಯ ಮುದ್ರಿತ ಪುಸ್ತಕದಲ್ಲಿ ಮೊದಲು ಕಾಣಿಸಿಕೊಳ್ಳುವುದು ಆಂಟೋನಿಯೊ ಲಾತೀನಿ 1692–94ರಲ್ಲಿ ನೇಪಲ್ಸ್‌ನಲ್ಲಿ ಅಚ್ಚು ಹಾಕಿಸಿದ ಎರಡು ಸಂಪುಟಗಳ ಅಡುಗೆ ಗ್ರಂಥದಲ್ಲಿ. ಅದು ಕೆಂಡದ ಮೇಲೆ ಸುಟ್ಟು, ಸಿಪ್ಪೆ ಸುಲಿದು, ಈರುಳ್ಳಿ, ಮೆಣಸಿನಕಾಯಿ, ಎಣ್ಣೆ, ವಿನಿಗರ್ ಬೆರೆಸಿದ ಸ್ಪೇನ್ ಶೈಲಿಯ ವ್ಯಂಜನವಾಗಿತ್ತು, ಪಾಸ್ತಾಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಟೊಮೆಟೊ ಮತ್ತು ಪಾಸ್ತಾ ಜೊತೆಯಾಗಿ ಜನರ ಊಟವಾದದ್ದು 19ನೇ ಶತಮಾನದಲ್ಲಿ. ಇಪ್ಪೋಲಿತೊ ಕವಾಲ್ಕಾಂತಿ 1839ರಲ್ಲಿ ಟೊಮೆಟೊ ಹಾಕಿದ ವರ್ಮಿಚೆಲ್ಲಿಯ ವಿಧಾನವನ್ನು ನೇಪಲ್ಸ್‌ನ ಆಡುಮಾತಿನಲ್ಲೇ ಬರೆದಿಟ್ಟ. ಅದೇ ಶತಮಾನದ ಮೊದಲಿಗೆ, 1810ರಲ್ಲಿ, ಫ್ರಾನ್ಸಿನ ನಿಕೊಲಾ ಅಪೇರ್ ಗಾಜಿನ ಪಾತ್ರೆಗಳಲ್ಲಿ ಆಹಾರವನ್ನು ಮುಚ್ಚಿ ಕುದಿಸಿ ಕೆಡದಂತೆ ಇಡುವ ವಿಧಾನವನ್ನು ಪ್ರಕಟಿಸಿದ್ದ. ಹೀಗಾಗಿ ಟೊಮೆಟೊ ಪಾಸ್ತಾ ಮತ್ತು ಡಬ್ಬಿಯ ಟೊಮೆಟೊ ಹೆಚ್ಚುಕಡಿಮೆ ಸಮವಯಸ್ಕ ಸಂಗತಿಗಳು. ದಕ್ಷಿಣ ಇಟಲಿಯ ಕುಟುಂಬಗಳು ಇಂದಿಗೂ ಬೇಸಿಗೆಯ ಕೊನೆಯಲ್ಲಿ ರಾಶಿ ಹಣ್ಣನ್ನು ರುಬ್ಬಿ ಸೋಸಿ, ಬಾಟಲಿಗೆ ತುಂಬಿ, ದೊಡ್ಡ ಪೀಪಾಯಿಗಳಲ್ಲಿ ಕುದಿಸಿ ವರ್ಷಕ್ಕೆ ಬೇಕಾಗುವಷ್ಟು ‘ಪಸ್ಸಾತಾ’ ಮಾಡಿಡುತ್ತವೆ. ಮನೆಯ ಸಾಸು ಎಂಬುದು ಅಲ್ಲಿಯೂ ವರ್ಷದ ಬಹುಭಾಗ ಬಾಟಲಿಯಿಂದಲೇ ಬಂದದ್ದು.

ಕಾರ್ಖಾನೆಯ ಸಾಸಿನ ಕಥೆ ಶುರುವಾಗುವುದು ಹೊಲದಲ್ಲಿ. ಅಮೆರಿಕದಲ್ಲಿ ಸಂಸ್ಕರಣೆಗಾಗಿ ಬೆಳೆಯುವ ಟೊಮೆಟೊದ ಶೇ 90ಕ್ಕೂ ಹೆಚ್ಚು ಪಾಲು ಕ್ಯಾಲಿಫೋರ್ನಿಯಾದ್ದು. ಅಲ್ಲಿನ ಡೇವಿಸ್ ವಿಶ್ವವಿದ್ಯಾಲಯದಲ್ಲಿ ತಳಿವಿಜ್ಞಾನಿ ಜಾಕ್ ಹ್ಯಾನಾ ಮತ್ತು ಎಂಜಿನಿಯರ್ ಕೋಬಿ ಲೊರೆನ್ಜನ್ ಒಂದು ಯಂತ್ರವನ್ನೂ ಅದಕ್ಕೆ ಹೊಂದುವ ಹಣ್ಣನ್ನೂ ಒಟ್ಟೊಟ್ಟಿಗೆ ರೂಪಿಸಿದರು: ಗಟ್ಟಿ ಸಿಪ್ಪೆಯ, ಒಂದೇ ಹೊತ್ತಿಗೆ ಮಾಗುವ, ಗಿಡ ಅಲ್ಲಾಡಿಸಿದರೆ ಉದುರುವ ಟೊಮೆಟೊ. ಮೆಕ್ಸಿಕೊದಿಂದ ಕೂಲಿಗಳನ್ನು ಕರೆತರುತ್ತಿದ್ದ ಸರ್ಕಾರಿ ಯೋಜನೆ 1964ರಲ್ಲಿ ನಿಂತ ಮೇಲೆ ಆ ಯಂತ್ರ ಕೆಲವೇ ವರ್ಷಗಳಲ್ಲಿ ಹೊಲಗಳನ್ನೆಲ್ಲ ಆವರಿಸಿತು. ಇಂಥ ಹಣ್ಣನ್ನು ಹೀಗಳೆಯುವುದು ವಾಡಿಕೆಯಾದರೂ ಒಂದು ವಿಷಯದಲ್ಲಿ ಅದು ಪೇಟೆಯ ಹಸಿ ಟೊಮೆಟೊವನ್ನು ಮೀರಿಸುತ್ತದೆ: ಅದು ಗಿಡದಲ್ಲೇ ಪೂರ್ತಿ ಕೆಂಪಾಗಿ, ಕೊಯ್ದ ಕೆಲವೇ ಗಂಟೆಗಳಲ್ಲಿ ಕಾರ್ಖಾನೆ ಸೇರುತ್ತದೆ. ಪಾಶ್ಚಾತ್ಯ ಸೂಪರ್‌ಮಾರ್ಕೆಟ್‌ಗಳ ಹಸಿ ಹಣ್ಣಾದರೋ ಅನೇಕ ವೇಳೆ ಹಸಿರಾಗಿದ್ದಾಗಲೇ ಕಿತ್ತು, ಎಥಿಲೀನ್ ಅನಿಲ ಕೊಟ್ಟು ಬಣ್ಣ ಬರಿಸಿದ್ದು. ದಾರಿಯಲ್ಲಿ ತಣ್ಣಗಿಟ್ಟದ್ದೂ ಉಂಟು. ಐದು ಡಿಗ್ರಿಯಲ್ಲಿ ಒಂದು ವಾರ ಇಟ್ಟ ಟೊಮೆಟೊದಲ್ಲಿ ಪರಿಮಳ ಹುಟ್ಟಿಸುವ ವಂಶವಾಹಿಗಳೇ ಮಂಕಾಗುತ್ತವೆ, ಮತ್ತೆ ಬೆಚ್ಚಗಿಟ್ಟರೂ ಪರಿಮಳ ಪೂರ್ತಿ ಮರಳುವುದಿಲ್ಲ ಎಂದು ಫ್ಲೋರಿಡಾ ವಿಶ್ವವಿದ್ಯಾಲಯದ ಹ್ಯಾರಿ ಕ್ಲೀ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದ್ದಾರೆ. ಚಳಿಗಾಲದ ಇಂಥ ಹಣ್ಣಿನಿಂದ ಮನೆಯಲ್ಲಿ ಮಾಡಿದ ಸಾಸು, ಬೇಸಿಗೆಯಲ್ಲಿ ಮಾಗಿದ ಹಣ್ಣನ್ನು ಡಬ್ಬಿಗೆ ಹಾಕಿ ಮಾಡಿದ ಸಾಸಿಗಿಂತ ಸಪ್ಪೆಯಾಗುವುದರಲ್ಲಿ ಆಶ್ಚರ್ಯವಿಲ್ಲ.

ಕಾರ್ಖಾನೆಯ ಒಳಗೆ ಹಣ್ಣು ಎದುರಿಸುವ ಮೊದಲ ತೀರ್ಮಾನ ಮಂದತನದ್ದು. ಸಸ್ಯದ ಜೀವಕೋಶಗಳನ್ನು ಇಟ್ಟಿಗೆಗಳ ನಡುವಿನ ಗಾರೆಯಂತೆ ಹಿಡಿದಿಡುವ ವಸ್ತುವಿಗೆ ಪೆಕ್ಟಿನ್ ಎಂದು ಹೆಸರು. ಸಾಸು ಪಾಸ್ತಾಕ್ಕೆ ಅಂಟಿಕೊಳ್ಳುವುದು, ತಟ್ಟೆಯಲ್ಲಿ ನೀರು ಬೇರೆಯಾಗದಿರುವುದು ಅದರಿಂದ. ಹಣ್ಣನ್ನು ಜಜ್ಜಿದೊಡನೆ ಅದರೊಳಗಿನ ಎರಡು ಕಿಣ್ವಗಳು ಪೆಕ್ಟಿನ್ನನ್ನು ತುಂಡರಿಸತೊಡಗುತ್ತವೆ. ಜಜ್ಜುತ್ತಲೇ ಸುಮಾರು 90 ಡಿಗ್ರಿಗೆ ಬಿಸಿ ಮಾಡಿದರೆ ಕಿಣ್ವಗಳು ಸತ್ತು ಪೆಕ್ಟಿನ್ ಉಳಿಯುತ್ತದೆ, ಸಾಸು ಮಂದವಾಗುತ್ತದೆ. 65 ಡಿಗ್ರಿಯ ಆಸುಪಾಸಿನಲ್ಲೇ ಸ್ವಲ್ಪ ಹೊತ್ತು ನಿಲ್ಲಿಸಿದರೆ ರಸ ತೆಳುವಾಗುತ್ತದೆ, ಆದರೆ ಬಣ್ಣವೂ ತಾಜಾ ಪರಿಮಳವೂ ಹೆಚ್ಚು ಉಳಿಯುತ್ತವೆ. ಉದ್ಯಮದಲ್ಲಿ ಇವುಗಳನ್ನು ಹಾಟ್ ಬ್ರೇಕ್ ಮತ್ತು ಕೋಲ್ಡ್ ಬ್ರೇಕ್ ಎಂದು ಕರೆಯುತ್ತಾರೆ. ಪಾಸ್ತಾ ಸಾಸಿಗೂ ಕೆಚಪ್ಪಿಗೂ ಹೆಚ್ಚಾಗಿ ಬಳಸುವುದು ಮೊದಲನೆಯದನ್ನು. ಮನೆಯಲ್ಲಿ ಹಣ್ಣನ್ನೆಲ್ಲ ಮಿಕ್ಸಿಗೆ ಹಾಕಿ ರುಬ್ಬಿಟ್ಟು, ಆಮೇಲೆ ನಿಧಾನವಾಗಿ ಒಲೆ ಹಚ್ಚುವವರ ಸಾಸು ನೀರಾಗುವುದಕ್ಕೆ ಕಾರಣವೂ ಇಲ್ಲೇ ಇದೆ: ಆ ಬಿಡುವಿನಲ್ಲಿ ಕಿಣ್ವಗಳು ತಮ್ಮ ಕೆಲಸ ಮುಗಿಸಿರುತ್ತವೆ. ಮೊದಲೇ ಬಿಸಿಯಾದ ಬಾಣಲೆಗೆ ಹೆಚ್ಚಿದ ಹೋಳುಗಳನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಅಲ್ಲೇ ಹಿಸುಕುವುದು ಕಾರ್ಖಾನೆಯ ಹಾಟ್ ಬ್ರೇಕ್ ವಿಧಾನದ ಮನೆಯ ರೂಪ.

ಎರಡನೆಯ ಹಂತದಲ್ಲಿ ಎರಡು ದಾರಿಗಳು ಕವಲೊಡೆಯುತ್ತವೆ. ಅಂಗಡಿಯ ಕಪಾಟಿನಲ್ಲಿ ಪಕ್ಕಪಕ್ಕ ಕುಳಿತ ಎರಡು ಜಾಡಿಗಳ ನಡುವಿನ ನಿಜವಾದ ಅಂತರ ಇರುವುದು ಇಲ್ಲಿ. ಒಂದು ದಾರಿಯಲ್ಲಿ ಹಣ್ಣನ್ನು ನಿರ್ವಾತದಲ್ಲಿ, ಅಂದರೆ ಗಾಳಿಯ ಒತ್ತಡ ತಗ್ಗಿಸಿ ಕಡಿಮೆ ಉಷ್ಣತೆಯಲ್ಲೇ ನೀರು ಕುದಿಯುವಂತೆ ಮಾಡಿದ ಪಾತ್ರೆಗಳಲ್ಲಿ, ಬತ್ತಿಸಿ ಪೇಸ್ಟ್ ಮಾಡುತ್ತಾರೆ. ಅಮೆರಿಕದ ನಿಯಮದಂತೆ ಪೇಸ್ಟ್ ಎನಿಸಿಕೊಳ್ಳಲು ಅದರಲ್ಲಿ ಕನಿಷ್ಠ ಶೇ 24ರಷ್ಟು ಟೊಮೆಟೊದ ಕರಗಿದ ಘನಾಂಶ ಇರಬೇಕು. ಹಸಿ ಹಣ್ಣಿನಲ್ಲಿ ಅದು ಸುಮಾರು ಐದು ಭಾಗ ಮಾತ್ರ, ಆದ್ದರಿಂದ ಒಂದು ಕಿಲೊ ಪೇಸ್ಟಿಗೆ ಐದಾರು ಕಿಲೊ ಹಣ್ಣು ಬೇಕು. ಹೊರಹೋಗುವ ಆವಿಯ ಜೊತೆ ಆವಿಶೀಲ ಪರಿಮಳವೂ ಹೋಗುತ್ತದೆ. ಹೀಗೆ ಬತ್ತಿಸಿದ್ದನ್ನು ಸೂಕ್ಷ್ಮಜೀವಿಗಳು ಸೋಕದಂತೆ ಬೃಹತ್ ಪಾತ್ರೆಗಳಲ್ಲಿ ತಿಂಗಳುಗಟ್ಟಲೆ ಇಡುವ, ದೂರಕ್ಕೆ ಸಾಗಿಸುವ ತಂತ್ರವನ್ನು ಬೆಳೆಸಿದ ಪರ್ಡ್ಯೂ ವಿಶ್ವವಿದ್ಯಾಲಯದ ಫಿಲಿಪ್ ನೆಲ್ಸನ್ ಅವರಿಗೆ 2007ರ ವಿಶ್ವ ಆಹಾರ ಪ್ರಶಸ್ತಿ ಸಂದಿತು, ಏಕೆಂದರೆ ಸುಗ್ಗಿಯ ಕೆಲವೇ ವಾರಗಳಲ್ಲಿ ಬಂದು ಕೊಳೆಯುವ ಬೆಳೆಯನ್ನು ಅದು ವರ್ಷವಿಡೀ ದೊರೆಯುವಂತೆ ಮಾಡಿತು. ಮುಂದೆ ಯಾವಾಗಲೋ, ಬೇರೆ ಕಾರ್ಖಾನೆಯಲ್ಲಿ, ಆ ಪೇಸ್ಟಿಗೆ ನೀರು ಬೆರೆಸಿ, ಉಪ್ಪು, ಸಕ್ಕರೆ, ಒಣ ಮಸಾಲೆಗಳೊಡನೆ ಬೇಯಿಸಿ, ಸುಡುಬಿಸಿಯಲ್ಲೇ ಜಾಡಿಗೆ ತುಂಬಿ ಮುಚ್ಚುತ್ತಾರೆ. ಇಂಥ ಸಾಸು ಊಟದ ಒಲೆಗೆ ಬರುವ ಹೊತ್ತಿಗೆ ಕನಿಷ್ಠ ಮೂರು ಬಾರಿ ಬೆಂದಿರುತ್ತದೆ. ಇನ್ನೊಂದು ದಾರಿಯಲ್ಲಿ ಸಿಪ್ಪೆ ಸುಲಿದ ಇಡೀ ಹಣ್ಣನ್ನು ಅದರ ರಸದಲ್ಲೇ ಮುಳುಗಿಸಿ ಡಬ್ಬಿ ಮುಚ್ಚುತ್ತಾರೆ, ಆ ಹಣ್ಣಿನಿಂದಲೇ ಸಾಸು ಕಾಯಿಸುತ್ತಾರೆ. ನಡುವೆ ಬತ್ತಿಸುವ ಹಂತವೇ ಇರುವುದಿಲ್ಲ. ಇಟಲಿಯಲ್ಲಿ ಪಸ್ಸಾತಾ ಎಂಬ ಹೆಸರಿನಲ್ಲಿ ಮಾರುವುದನ್ನು ತಾಜಾ ಹಣ್ಣಿನಿಂದ ನೇರವಾಗಿಯೇ ಮಾಡಿರಬೇಕು, ಪೇಸ್ಟಿಗೆ ನೀರು ಬೆರೆಸಿದ್ದಾಗಿರಬಾರದು ಎಂದು 2005ರ ಸರ್ಕಾರಿ ಆದೇಶವೊಂದು ವಿಧಿಸಿದೆ. ಗ್ರಾಹಕರ ಹಿತ ಬಯಸುವ ಇಂಥ ನಿಯಮ ಎಲ್ಲ ದೇಶಗಳಲ್ಲೂ ಇರಬೇಕಾದದ್ದು.

ಸಕ್ಕರೆಯ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಬತ್ತಿದ ಪೇಸ್ಟಿನಲ್ಲಿ ಆಮ್ಲ ಉಳಿದಿರುತ್ತದೆ, ಅದನ್ನು ತೂಗಿಸುತ್ತಿದ್ದ ಪರಿಮಳ ಹೋಗಿರುತ್ತದೆ. ಆ ಕೊರತೆಯನ್ನು ಸಕ್ಕರೆ ಮುಚ್ಚುತ್ತದೆ. ಸಕ್ಕರೆಯಿಂದ ಹುಳಿ ಕಡಿಮೆಯಾಗುವುದಿಲ್ಲ, ನಾಲಗೆಗೆ ಕಡಿಮೆ ತೋರುತ್ತದೆ ಅಷ್ಟೆ. ಅಮೆರಿಕದ ಪ್ರಚಲಿತ ಸಾಸುಗಳ ಅರ್ಧ ಕಪ್ಪಿನಲ್ಲಿ, ಅಂದರೆ ಸುಮಾರು 125 ಗ್ರಾಮಿನಲ್ಲಿ, 400ರಿಂದ 500 ಮಿಲಿಗ್ರಾಂ ಸೋಡಿಯಂ ಇರುವುದು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ ಹಾಕಿದ ಮಿತಿ 2000 ಮಿಲಿಗ್ರಾಂ. ಒಂದು ತಟ್ಟೆ ಪಾಸ್ತಾಕ್ಕೆ ಅರ್ಧ ಕಪ್ಪು ಸಾಲುವುದೂ ಅಪರೂಪ. ಕಾರ್ಖಾನೆಯ ಸಾಸಿನ ಬಗ್ಗೆ ಆರೋಗ್ಯದ ದೃಷ್ಟಿಯಿಂದ ಎತ್ತಬೇಕಾದ ಗಂಭೀರ ಆಕ್ಷೇಪ ಈ ಉಪ್ಪಿನದು. ಸಂರಕ್ಷಕಗಳ ಬಗೆಗಿನ ಭಯಕ್ಕೆ ಅಷ್ಟು ಆಧಾರವಿಲ್ಲ, ಏಕೆಂದರೆ ಹುಳಿಯೂ ಶಾಖವೂ ಬಿಗಿಯಾದ ಮುಚ್ಚಳವೂ ಸೇರಿದರೆ ಬೇರೆ ಸಂರಕ್ಷಕದ ಅಗತ್ಯವೇ ಬೀಳುವುದಿಲ್ಲ.

ಪೋಷಕಾಂಶದ ವಿಷಯದಲ್ಲಿ ಬೇಯಿಸಿದ ಟೊಮೆಟೊಗೆ ಅನ್ಯಾಯವಾಗಿದೆ ಎನ್ನಬೇಕು. ಹಣ್ಣಿಗೆ ಕೆಂಪು ಬಣ್ಣ ಕೊಡುವ ಲೈಕೊಪೀನ್ ಕೊಬ್ಬಿನಲ್ಲಿ ಮಾತ್ರ ಕರಗುವ ವಸ್ತು. ಹಸಿ ಹಣ್ಣಿನಲ್ಲಿ ಅದು ಕೋಶಗಳೊಳಗೆ ಹರಳುಗಳಾಗಿ ಬಂಧಿಯಾಗಿರುತ್ತದೆ. ಶಾಖ ಕೋಶಭಿತ್ತಿಯನ್ನು ಸಡಿಲಿಸುತ್ತದೆ, ಎಣ್ಣೆ ಅದನ್ನು ಕರಗಿಸಿ ಕರುಳಿಗೆ ಒಪ್ಪಿಸುತ್ತದೆ. ಜರ್ಮನಿಯ ವಿಲ್ಹೆಲ್ಮ್ ಸ್ಟಾಲ್ ಮತ್ತು ಹೆಲ್ಮುಟ್ ಸೀಸ್ ಅವರ ತಂಡ 1990ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಎಣ್ಣೆಯೊಡನೆ ಕಾಯಿಸಿದ ಟೊಮೆಟೊ ರಸದಿಂದಲೂ ಟೊಮೆಟೊ ಪೇಸ್ಟಿನಿಂದಲೂ ರಕ್ತಕ್ಕೆ ಸೇರಿದ ಲೈಕೊಪೀನ್ ಹಸಿಯದರಿಂದ ಸೇರಿದ್ದಕ್ಕಿಂತ ಹೆಚ್ಚಾಗಿತ್ತು. ಕಾರ್ನೆಲ್ ವಿಶ್ವವಿದ್ಯಾಲಯದವರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 88 ಡಿಗ್ರಿಯಲ್ಲಿ ಅರ್ಧ ಗಂಟೆ ಬೆಂದ ಟೊಮೆಟೊ ತನ್ನ ಸಿ ಜೀವಸತ್ವದ ಸುಮಾರು ಶೇ 29ರಷ್ಟನ್ನು ಕಳೆದುಕೊಂಡಿತು, ಆದರೆ ಬಿಡುಗಡೆಯಾಗುವ ಲೈಕೊಪೀನ್ ಎರಡು ಪಟ್ಟಿಗೂ ಹೆಚ್ಚಾಯಿತು. ಈ ಲಾಭ ಜಾಡಿಯ ಸಾಸಿಗೂ ಮನೆಯ ಸಾಸಿಗೂ ಸಮಾನವಾಗಿ ಸಲ್ಲುತ್ತದೆ.

ಬೆಳ್ಳುಳ್ಳಿ ಮತ್ತು ಸೊಪ್ಪಿನ ವಿಷಯದಲ್ಲಿ ಮಾತ್ರ ಜಾಡಿ ಎಂದೂ ಗೆಲ್ಲಲಾರದು. ಬೆಳ್ಳುಳ್ಳಿಯನ್ನು ಜಜ್ಜಿದಾಗ ಹುಟ್ಟುವ ಅಲಿಸಿನ್ ತುಂಬ ಅಸ್ಥಿರವಾದ ಸಂಯುಕ್ತ, ಬಿಸಿ ಎಣ್ಣೆಯಲ್ಲಿ ನಿಮಿಷಗಳಲ್ಲಿ ಬೇರೆ ಸಲ್ಫೈಡುಗಳಾಗಿ ಮಾರ್ಪಡುತ್ತದೆ. ಬೇಸಿಲ್ ಎಲೆಯ ಪರಿಮಳವೂ ಬೇಗ ಹಾರಿಹೋಗುವಂಥದ್ದು. ಒಲೆ ಆರಿಸಿದ ಮೇಲೆ ಹರಿದು ಹಾಕಿದ ಎಲೆ ಕೊಡುವುದನ್ನು, ಬೇಯಿಸಿ ಮುಚ್ಚಿ ತಿಂಗಳುಗಟ್ಟಲೆ ಇಟ್ಟ ಜಾಡಿ ಕೊಡಲಾರದು. ಕೊಂಡು ತಂದ ಸಾಸನ್ನೂ ಬೆಳ್ಳುಳ್ಳಿಯ ಒಗ್ಗರಣೆ ಹಾಕಿ, ಕೊನೆಗೆ ಹಸಿ ಎಲೆ ಸೇರಿಸಿದರೆ ಅರ್ಧ ದೂರ ಹಿಂದಕ್ಕೆ ತರಬಹುದು.

ಜಾಡಿಯ ಸಾಸೂ ಮೂಲದಲ್ಲಿ ಅಡುಗೆಮನೆಯಿಂದಲೇ ಬಂದದ್ದು. ಅಮೆರಿಕದ ರಾಗೂ ಸಾಸು 1937ರಲ್ಲಿ ರೋಚೆಸ್ಟರ್ ನಗರದಲ್ಲಿ ಇಟಲಿಯಿಂದ ವಲಸೆ ಬಂದ ಕಾಂತಿಸಾನೊ ದಂಪತಿಗಳ ಮನೆಯಿಂದ ಹೊರಟಿತು. ಅದರ ಎದುರಾಳಿಯಾಗಿ ಕ್ಯಾಂಬೆಲ್ ಕಂಪನಿ 1981ರಲ್ಲಿ ತಂದ ಪ್ರೇಗೊ, ಅದೇ ದಶಕದಲ್ಲಿ ಮನೋವಿಜ್ಞಾನಿ ಹೊವರ್ಡ್ ಮಾಸ್ಕೊವಿಟ್ಸ್ ಅವರ ನೆರವಿನಿಂದ 45 ಬಗೆಯ ಸಾಸುಗಳನ್ನು ಜನರಿಗೆ ತಿನ್ನಿಸಿ ನೋಡಿ, ದೊಡ್ಡ ಹೋಳುಗಳಿರುವ ಸಾಸನ್ನು ಬಯಸುವ ದೊಡ್ಡ ವರ್ಗವೊಂದಿದೆ ಎಂದು ಕಂಡುಕೊಂಡಿತು. ನ್ಯೂಯಾರ್ಕಿನ ಹಳೆಯ ಉಪಾಹಾರ ಮಂದಿರವೊಂದರ ಹೆಸರಿನಲ್ಲಿ 1992ರಲ್ಲಿ ಬಂದ ರೇಯೋಸ್ ಸಾಸು ಪೇಸ್ಟನ್ನು ಬಿಟ್ಟು ಇಡೀ ಹಣ್ಣನ್ನೇ ನೆಚ್ಚಿತು, ಸಕ್ಕರೆ ಬೆರೆಸಲಿಲ್ಲ, ಬೆಲೆಯನ್ನು ಹೆಚ್ಚೇ ಇಟ್ಟಿತು. ಅದನ್ನು ತಯಾರಿಸುತ್ತಿದ್ದ ಸಂಸ್ಥೆಯನ್ನು 2024ರಲ್ಲಿ ಕ್ಯಾಂಬೆಲ್ ಕಂಪನಿಯೇ ಸುಮಾರು 270 ಕೋಟಿ ಡಾಲರಿಗೆ ಕೊಂಡಿತು. ಕಡಿಮೆ ಬಾರಿ ಬೆಂದ ಹಣ್ಣಿನ ರುಚಿಗೆ ಜನ ಹೆಚ್ಚು ಹಣ ಕೊಡಲು ಸಿದ್ಧರಿದ್ದಾರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

ಮನೆಯಲ್ಲಿ ಮಾಡುವವರಲ್ಲೂ ಬಲ್ಲವರು ಡಬ್ಬಿಯನ್ನು ದೂರವಿಟ್ಟವರಲ್ಲ. ಅಮೆರಿಕಕ್ಕೆ ಇಟಲಿಯ ಮನೆಯಡುಗೆಯನ್ನು ಕಲಿಸಿದ ಮಾರ್ಚೆಲ್ಲಾ ಹಜಾನ್ ಅವರ ಹೆಸರಾಂತ ಸಾಸಿಗೆ ಬೇಕಾಗುವುದು ಟೊಮೆಟೊ, ಬೆಣ್ಣೆ, ಎರಡು ಹೋಳು ಮಾಡಿದ ಒಂದು ಈರುಳ್ಳಿ, ಉಪ್ಪು ಮತ್ತು ಮುಕ್ಕಾಲು ಗಂಟೆ ಮಾತ್ರ. ಒಳ್ಳೆಯ ತಾಜಾ ಹಣ್ಣು ಸಿಗದಿದ್ದಾಗ ಡಬ್ಬಿಯದನ್ನೇ ಬಳಸಲು ಅವರು ಹೇಳುತ್ತಾರೆ. ಡಬ್ಬಿ ಆರಿಸುವಾಗ ಹೋಳು ಮಾಡಿದ್ದರ ಬದಲು ಇಡೀ ಹಣ್ಣಿನದನ್ನು ಆರಿಸುವುದು ಮೇಲು, ಏಕೆಂದರೆ ಹೋಳುಗಳು ಆಕಾರ ಕಳೆದುಕೊಳ್ಳದಿರಲಿ ಎಂದು ಬೆರೆಸುವ ಕ್ಯಾಲ್ಸಿಯಂ ಕ್ಲೋರೈಡ್ ಪೆಕ್ಟಿನ್ ಎಳೆಗಳನ್ನು ಪರಸ್ಪರ ಬಿಗಿಯುತ್ತದೆ, ಎಷ್ಟು ಕುದಿಸಿದರೂ ಅವು ಕರಗಿ ಸಾಸಾಗುವುದಿಲ್ಲ.

ಕರ್ನಾಟಕದ ಪರಿಸ್ಥಿತಿ ಇದಕ್ಕಿಂತ ಬೇರೆ. ಕೋಲಾರದ ಮಾರುಕಟ್ಟೆಗೆ ವರ್ಷದ ಬಹುಭಾಗ ಟೊಮೆಟೊ ಬರುತ್ತಲೇ ಇರುವುದರಿಂದ ಇಲ್ಲಿ ಡಬ್ಬಿಯ ಅಗತ್ಯ ಅಷ್ಟಿಲ್ಲ. ಆದರೆ ಪೇಟೆಯಲ್ಲಿ ಹೆಚ್ಚಾಗಿ ಸಿಗುವ ಹೈಬ್ರಿಡ್ ಹಣ್ಣು ದೂರದ ಸಾಗಣೆಗೆ ತಾಳಲೆಂದು ಆರಿಸಿದ, ದಪ್ಪ ತಿರುಳಿನ, ಲೋಳೆ ಕಡಿಮೆಯಿರುವ ತಳಿ. ನಾಟಿ ಟೊಮೆಟೊದಲ್ಲಿ ಹುಳಿಯೂ ರಸವೂ ಹೆಚ್ಚು. ಎರಡನ್ನೂ ಅರ್ಧರ್ಧ ಸೇರಿಸಿ, ಒಂದೆರಡು ದಿನ ಫ್ರಿಜ್ಜಿನ ಹೊರಗಿಟ್ಟು ಪೂರ್ತಿ ಕೆಂಪಾಗಿಸಿ, ಅಗಲ ಬಾಯಿಯ ಸ್ಟೀಲ್ ಪಾತ್ರೆಯಲ್ಲಿ ಬೇಗ ಬತ್ತಿಸಿದರೆ ತಿರುಳು ಒಂದರಿಂದ, ರುಚಿ ಇನ್ನೊಂದರಿಂದ ಸಿಗುತ್ತದೆ. ಕಬ್ಬಿಣದ ಬಾಣಲೆ ಮತ್ತು ಕಲಾಯಿಯಿಲ್ಲದ ತಾಮ್ರ ಈ ಹುಳಿಗೆ ಆಗಿಬರುವುದಿಲ್ಲ.

ಕೊನೆಯದಾಗಿ, ಮನೆಯ ಸಾಸು ಕಾರ್ಖಾನೆಯದರ ಮುಂದೆ ಖಂಡಿತವಾಗಿ ಸೋಲುವ ಒಂದು ಕಡೆಯಿದೆ, ಅದನ್ನು ಮುಚ್ಚಿಡುವುದು ಅಪಾಯಕಾರಿ. ಕ್ಲಾಸ್ಟ್ರಿಡಿಯಂ ಬಾಟ್ಯುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಗಾಳಿಯಿಲ್ಲದ, ಹುಳಿ ಕಡಿಮೆಯಾದ ಜಾಗ ಸಿಕ್ಕರೆ ಅವು ಮೊಳೆತು ನರಗಳನ್ನು ಸ್ತಬ್ಧಗೊಳಿಸುವ ಮಾರಕ ವಿಷವನ್ನು ಉಂಟುಮಾಡುತ್ತವೆ. ಹುಳಿಯ ಅಳತೆಯಾದ ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಅವು ಬೆಳೆಯಲಾರವು. ಟೊಮೆಟೊದ ಪಿಎಚ್ ತಳಿ ಮತ್ತು ಮಾಗುವಿಕೆಗೆ ಅನುಗುಣವಾಗಿ ಈ ಗೆರೆಯ ಆಚೀಚೆ ತೂಗಾಡುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಅಣಬೆ ಸೇರಿದರೆ ಇನ್ನೂ ಮೇಲೇರುತ್ತದೆ, ಮೇಲೆ ತೇಲುವ ಎಣ್ಣೆ ಗಾಳಿಯನ್ನೂ ತಡೆಯುತ್ತದೆ. ಕಾರ್ಖಾನೆಯಲ್ಲಿ ಪ್ರತಿ ಬಾರಿ ಮಾಡಿದ ಸಾಸಿನ ಪಿಎಚ್ ಅಳೆಯುತ್ತಾರೆ, ಮನೆಯಲ್ಲಿ ಅಳೆಯುವವರಿಲ್ಲ. ಬರಿಯ ಟೊಮೆಟೊವನ್ನು ಬಾಟಲಿಗೆ ತುಂಬಿ ಕುದಿಸಿಡುವವರು ಕೂಡ ಒಂದು ಲೀಟರಿಗೆ ಎರಡು ದೊಡ್ಡ ಚಮಚ ಬಾಟಲಿಯ ನಿಂಬೆರಸ ಸೇರಿಸಬೇಕೆಂಬುದು ಅಮೆರಿಕದ ಕೃಷಿ ಇಲಾಖೆಯ ಸೂಚನೆ. ಆದ್ದರಿಂದ ಬೆಳ್ಳುಳ್ಳಿ, ಎಣ್ಣೆ ಹಾಕಿ ಮಾಡಿದ ಸಾಸನ್ನು ಯಾರೂ ಜಾಡಿಗೆ ತುಂಬಿ ಅಡುಗೆಮನೆಯ ಕಪಾಟಿನಲ್ಲಿ ಇಡಬಾರದು. ಆರಿದ ಕೂಡಲೇ ಫ್ರಿಜ್ಜಿಗೆ ಸೇರಿಸಿ ಮೂರ್ನಾಲ್ಕು ದಿನಗಳೊಳಗೆ ಮುಗಿಸಬೇಕು, ಹೆಚ್ಚು ದಿನ ಬೇಕಾದರೆ ಫ್ರೀಜರಿನಲ್ಲಿ ಇಡಬೇಕು.